ರಂಗೂಬಾಯಿಯ ಕೊರಳಿನ ಗೆರೆ

ನಮ್ಮ ಅಕ್ಕ ನಾಗವ್ವನ ಮಗಳು ರೇಣು ಏನು ಕೆಲಸ ಮಾಡುತ್ತಾಳೆ ಅಂತ ಭೋಸರಿಯ ನಮ್ಮ ಫ್ಯಾಕ್ಟರಿಯಲ್ಲಿ ಯಾರಾದರೂ ಕೇಳಿದರೆ ನನಗೆ ಸಿಟ್ಟೇ ಬರುತ್ತಿತ್ತು. ನರ್ಸ್ ಅಲ್ಲ, ಡಾಕ್ಟರ್ ಅಲ್ಲ, ಎಕ್ಸ್‌ರೇ ತೆಗೆಯುವವಳೂ ಅಲ್ಲ. ಎಷ್ಟು ಸಲ ಹೇಳಬೇಕು! ಕ್ಯಾನ್ಸರ್ ಆದವರಿಗೆ ಮಷಿನಿನಿಂದ ಕಿರಣ ಬಿಡುತ್ತಾರಲ್ಲ, ಅದು ಯಾವ ಕಡೆಯಿಂದ ಬೀಳಬೇಕು, ಎಷ್ಟು ನಿಮಿಷ ಬೀಳಬೇಕು, ಗಡ್ಡೆಗೆ ಪೂರಾ ಬಿದ್ದು ಪಕ್ಕದ ಅಂಗಕ್ಕೆ ಬೀಳದಂಗ ಹೆಂಗ ಮಾಡಬೇಕು ಅಂತ ಲೆಕ್ಕ ಹಾಕುವವಳು. ಡೋಸಿಮೆಟ್ರಿಸ್ಟ್ ಅಂತಾರೆ. ಆ ಹೆಸರು ನನ್ನ ನಾಲಿಗೆಗೆ ಹತ್ತಲು ಎರಡು ವರ್ಷ ಹಿಡಿಯಿತು. ನಾನು ಓದಿದ್ದು ಐದನೇ ಇಯತ್ತೆ.

ಈಗ ಈ ಕೆಲಸ ಮಾಡುವ ಕ್ಯಾನ್ಸರ್ ಆಸ್ಪತ್ರೆಯಲ್ಲೇ ಮೊದಲು ರೆಕಾರ್ಡ್ ರೂಮಿನಲ್ಲಿ ಫೈಲು ಹುಡುಕಿ ಕೊಡುತ್ತಿದ್ದಳು. ಬಿ.ಎಸ್ಸಿ. ಆಗಿತ್ತು, ಗಣಿತ ಚೊಲೊ ಇತ್ತು. ೧೯೯೭ರಲ್ಲಿ ಅಲ್ಲಿಯ ಕಿರಣ ವಿಭಾಗದ ಫಿಜಿಸಿಸ್ಟ್ ಬಿಂದುಮಾಧವ ಸರ್, ನಮ್ಮಂತೆ ಬಿಜಾಪುರದ ಕಡೆಯಿಂದ ಈ ಮರಾಠಿ ಸೀಮೆಗೆ ಬಂದವರೇ, ಅಕಿಯನ್ನು ಕರೆದು, "ಆರು ತಿಂಗಳು ನನ್ನ ಕೈಕೆಳಗ ಕಲಿ. ಬಂದರ ಇಟ್ಕೋತೀನಿ, ಬರಲಿಲ್ಲಂದ್ರ ವಾಪಸ್ ಹೋಗಿ ಫೈಲು ಹುಡುಕು" ಅಂದರು.

ಕಲಿಯುವ ಕೆಲಸ ಮನೆಗೂ ಬಂತು. ಮೆತ್ತನೆಯ ಸೀಸದ ತಂತಿಯನ್ನು ಮೈಗೆ ಒತ್ತಿ ಬಗ್ಗಿಸಿ, ಹಾಗೇ ಎತ್ತಿ ಕಾಗದದ ಮೇಲಿಟ್ಟು ಪೆನ್ಸಿಲ್ ಎಳೆದರೆ ಮೈಯ ಆಕಾರ ಸಿಗುತ್ತದೆ. ಅಭ್ಯಾಸಕ್ಕೆ ನನ್ನ ಹೊಟ್ಟೆಯೇ ಸಿಕ್ಕಿತು.

"ಮಾಮಾ, ಹೊಟ್ಟಿ ಒಳಗ ಎಳಕೋಬ್ಯಾಡ್ರಿ."

"ಎಳಕೊಂಡಿಲ್ಲವಾ! ನಂದು ಇರೂದ ಹಿಂಗ."

"ಮತ್ತ ಈಗ ಒದರಿದ ಕೂಡ್ಲೇ ಎರಡು ಇಂಚು ಹೊರಗ ಬಂತಲ್ರಿ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ನಾಗವ್ವ ಕೈ ನಿಲ್ಲಿಸಿ ನಕ್ಕಳು. ನಾನು ಅಂಗಿ ಹಾಕಿಕೊಂಡು ಹೊರಗೆ ಹೋದೆ.

ನಾಲ್ಕನೇ ತಿಂಗಳಲ್ಲಿ ಒಂದು ಎಡವಟ್ಟಾಯಿತು. ಮಷಿನಿನೊಳಗೆ ಕಿರಣ ಬಿಡುವ ಕೋಬಾಲ್ಟಿನ ಕಸುವು ತಿಂಗಳಿಂದ ತಿಂಗಳಿಗೆ ಇಳಿಯುತ್ತದಂತೆ, ಅದಕ್ಕೆ ಪ್ರತಿ ತಿಂಗಳೂ ಹೊಸ ಪಟ್ಟಿ ಇರುತ್ತದೆ. ರೇಣು ಹಳೇ ಪಟ್ಟಿ ನೋಡಿ, ಸರ್ ಬರೆದ ನಿಮಿಷವೇ ತಪ್ಪು ಅಂತ ಮಷಿನ್ ನಿಲ್ಲಿಸಿಬಿಟ್ಟಳು. ಹೊರಗೆ ಹನ್ನೊಂದು ಮಂದಿ ರೋಗಿಗಳು ಅರ್ಧ ತಾಸು ಕುಂತರು. "ಇನ್ನೊಂದು ಸಲ ಸುಮ್ಮಸುಮ್ಮನ ನಿಲ್ಲಿಸಿದಿ ಅಂದ್ರ ರೆಕಾರ್ಡ್ ರೂಮು" ಅಂದರು ಸರ್.

ಅಕಿ ಅಳುತ್ತ ಬಂದಳು. ನನಗೆ ತಡೆಯಲಿಲ್ಲ. ದೀಪಾವಳಿಯ ಎರಡು ದಿನದ ರಜೆ ಮುಗಿದ ಮರುದಿನ, ಆ ಸರ್‌ಗೆ ನಾಲ್ಕು ಮಾತು ಆಡಿಯೇ ಬರಬೇಕು ಅಂತ ಆಸ್ಪತ್ರೆಗೆ ಹೋದೆ.

ಮಷಿನ್ ಕೋಣೆಯ ಬಾಗಿಲು ಇನ್ನೂ ತೆರೆದಿತ್ತು, ನಾನು ಅಲ್ಲೇ ಹೊರಗೆ ನಿಂತೆ. ಒಳಗೆ ಮೇಜಿನ ಮೇಲೆ ಇಂದಾಪುರದ ರಂಗೂಬಾಯಿ ಮಲಗಿದ್ದಳು. ಗಂಟಲಿನ ಗಡ್ಡೆ, ಮೂರು ವಾರದಿಂದ ಕಿರಣ ತಗೊಳ್ಳುತ್ತಿದ್ದ ಮುದುಕಿ. ಕಿರಣ ಎಲ್ಲಿ ಬೀಳಬೇಕೆಂದು ಕೊರಳಿಗೆ ನೇರಳೆ ಮಸಿಯಿಂದ ಗೆರೆ ಎಳೆದಿರುತ್ತಾರೆ. ಮಷಿನಿನವನು ಆ ಗೆರೆಗೆ ಬೆಳಕು ಹೊಂದಿಸಿ ಹೊರಗೆ ಬರುತ್ತಿದ್ದ.

"ತಡೀರಿ" ಅಂದಳು ಮೇಜಿನ ಹತ್ತಿರ ಫೈಲು ಹಿಡಿದು ನಿಂತಿದ್ದ ರೇಣು. "ಚಾಲೂ ಮಾಡಬ್ಯಾಡ್ರಿ."

ಬಿಂದುಮಾಧವ ಸರ್ ತಮ್ಮ ಕೋಣೆಯಿಂದ ಎದ್ದು ಬಂದರು. "ಮತ್ತ ನಿಲ್ಲಿಸಿದಿ?"

"ಗೆರಿ ತಪ್ಪ್ಯದ ಸರ್."

ಅವರು ಬಗ್ಗಿ ನೋಡಿದರು. "ಇಷ್ಟು ನೀಟ್ ಅದಲ್ಲ?"

"ಅದಕ್ಕ ಸರ್. ನಾ ಎಳೆದದ್ದು ಇಷ್ಟು ನೀಟ್ ಇರಲಿಲ್ಲ."

ಮಷಿನಿನವನು ಬಾಯಿಗೆ ಕೈ ಅಡ್ಡ ಹಿಡಿದ. ಸರ್ ನಗಲಿಲ್ಲ. ರೇಣು ಬೆರಳು ಮಾಡಿ ತೋರಿಸಿದಳು. "ಮೂರು ವಾರ ಕಿರಣ ಬಿದ್ದಲ್ಲಿ ಚರ್ಮ ಕರ್ರಗಾಗ್ಯದ ನೋಡ್ರಿ. ಗೆರಿ ಆ ಕಪ್ಪು ದಾಟಿ ಹಿಂದಕ್ಕ ಹೋಗ್ಯದ. ಹಿಂದ ಬೆನ್ನಹುರಿ ಅದ ಸರ್."

ಸ್ಕೇಲು ತರಿಸಿದರು. ಕಿವಿಯಿಂದ ಗೆರೆಗೆ ಫೈಲಿನಲ್ಲಿ ಬರೆದದ್ದು ನಾಲ್ಕು ಸೆಂಟಿಮೀಟರ್. ಅಳೆದರೆ ಐದೂವರೆ. ಸರ್ ಎರಡು ಸಲ ಅಳೆದರು, ಆಮೇಲೆ ಮರಾಠಿಯಲ್ಲಿ ಮುದುಕಿಯನ್ನು ಕೇಳಿದರು, "ಆಜಿ, ಇಲ್ಲಿ ನೀರು ಹಚ್ಚಿದ್ರೇನು?"

"ಅಗಬಾಯಿ! ದೀಪಾವಳಿಗೆ ಎಣ್ಣಿ, ಉಟಣೆ ಪುಡಿ ಹಚ್ಚಿ ಸ್ನಾನ ಮಾಡದಿದ್ದರ ನಡೀತದೇನು ಸಾಹೇಬ? ಗೆರಿ ಹೋತು. ನೀವು ಒದರತೀರಿ ಅಂತ ನಮ್ಮ ಸೊಸಿ ಕಡೆ ಮತ್ತ ಹಾಕಿಸಿಕೊಂಡು ಬಂದೆ. ರಂಗೋಲಿಯೊಳಗ ಬಹುಮಾನ ತಗೊಂಡಾಕಿ!"

ನನಗೆ ನಗು ತಡೆಯಲಿಲ್ಲ, ಜೋರಾಗಿಯೇ ನಕ್ಕೆ. ಸರ್ ತಿರುಗಿ, "ನೀವ್ಯಾರ್ರಿ?" ಅಂದರು.

"ಅಕಿ ಮಾಮಾ ರೀ. ಸುಮ್ಮನ ಬಂದೀನಿ."

ಅವರು ಸ್ಪಿರಿಟ್ ಹಚ್ಚಿ ಸೊಸೆಯ ಗೆರೆ ಒರೆಸಿದರು. ಮಸಿಯ ಬಾಟಲಿ ರೇಣುವಿನ ಕೈಗೆ ಕೊಟ್ಟರು. ಅಕಿ ಫೈಲು ನೋಡಿ, ಅಳೆದು ಎಳೆದಳು. ಗೆರೆ ಖರೇನೇ ಸೊಟ್ಟಗಿತ್ತು, ಆದರೆ ಕಪ್ಪಿನ ಅಂಚಿಗೆ ಸರಿಯಾಗಿ ಕೂತಿತು.

"ನೋಡ್ರಿ, ಈ ಪೋರಿಗಿಂತ ನಮ್ಮ ಸೊಸಿ ಚಂದ ಎಳೀತಾಳ" ಅಂದಳು ರಂಗೂಬಾಯಿ. "ಅಕಿನ್ನೂ ಕೆಲಸಕ್ಕ ಇಟ್ಕೋರಿ."

"ಜಾಗಾ ತುಂಬೇದ ಆಜಿ" ಅಂದರು ಸರ್. ಆಮೇಲೆ ರೇಣುವಿನ ಕಡೆ ನೋಡದೆ, ಫೈಲಿನಲ್ಲಿ ಬರೆಯುತ್ತಲೇ ಕನ್ನಡದಲ್ಲಿ ಹೇಳಿದರು, "ರೆಕಾರ್ಡ್ ರೂಮಿಗೆ ಬ್ಯಾರೆ ಯಾರನ್ನರೆ ನೋಡಕೋರಿ ಅಂತ ಇವತ್ತ ಚೀಟಿ ಬರೀತೀನಿ. ನಿಂತೇನ ನೋಡ್ತಿ? ನಿಮಿಷ ಎಷ್ಟು, ಹೇಳು."

"ಎರಡು ನಿಮಿಷ ಹತ್ತು ಸೆಕೆಂಡ್ ಸರ್. ಈ ತಿಂಗಳ ಪಟ್ಟಿ ನೋಡೀನಿ."

"ಹೂಂ" ಅಂದು ಅವರು ಬಾಗಿಲು ಹಾಕಿಸಿದರು.