ಸದ್ದಿನ ಖರ್ಚು

ಸರ್ಕಾರದ ಲೆಕ್ಕ ತಪಾಸಣೆ ಇಲಾಖೆಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಓಡಾಡುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಕತ್ತರಿ ಸಾಹೇಬರು. ಯಾವ ಕಚೇರಿಗೆ ಕಾಲಿಟ್ಟರೂ ಒಂದಲ್ಲ ಒಂದು ಖರ್ಚಿಗೆ ಕತ್ತರಿ ಹಾಕದೆ ಹೊರಗೆ ಬಂದವರಲ್ಲ. ಅವರು ಬರುತ್ತಾರೆಂದು ಸುದ್ದಿ ಬಂದರೆ ಸಾಕು, ಗುಮಾಸ್ತರು ಫ್ಯಾನು ಆರಿಸಿ ಬೆವರುತ್ತ ಕೂರುತ್ತಿದ್ದರು. ಮನುಷ್ಯ ಮಾತ್ರ ಅಪ್ಪಟ ಪ್ರಾಮಾಣಿಕ. ತಪಾಸಣೆಗೆ ಹೋದ ಕಡೆ ಒಂದು ಲೋಟ ಕಾಫಿಯನ್ನೂ ಮುಟ್ಟದೆ, ಕೈಚೀಲದಲ್ಲಿ ತಮ್ಮದೇ ನೀರಿನ ಬಾಟಲಿ ಒಯ್ಯುತ್ತಿದ್ದರು.

ಅವರ ಹೆಂಡತಿಗೆ ಮನೆಯ ಮುಂಗೋಣೆಯಲ್ಲೇ ಹೊಲಿಗೆ ಅಂಗಡಿ. ಗಂಡನ ಅಡ್ಡಹೆಸರು ಕಿವಿಗೆ ಬಿದ್ದಾಗಲೆಲ್ಲ ಆಕೆಗೆ ನಗು ತಡೆಯಲಾಗುತ್ತಿರಲಿಲ್ಲ. "ನಾನೂ ದಿನಾ ಕತ್ತರಿ ಹಿಡಿಯೋಳೇ ಕಣ್ರೀ. ಆದ್ರೆ ಕತ್ತರಿಸಿದ ಮೇಲೆ ಹೊಲೀತೀನಿ. ನೀವು ತುಂಡು ಮಾಡಿ ಅಲ್ಲೇ ಬಿಟ್ಟು ಬರ್ತೀರಿ," ಎನ್ನುತ್ತಿದ್ದಳು. ಸಾಹೇಬರು ಕೇಳಿಸದವರಂತೆ ಪತ್ರಿಕೆ ಮಗುಚುತ್ತಿದ್ದರು.

ಒಂದು ಬೆಳಿಗ್ಗೆ ಅದೇ ಪತ್ರಿಕೆಯಲ್ಲಿ ಆಹಾರ ನೆರವು ಕಚೇರಿಯ ಮಾನ ಹರಾಜಾಗಿತ್ತು. ಇಲ್ಲದವರ ಮನೆಗೆ ಹಿಟ್ಟು, ಬೇಳೆ, ಎಣ್ಣೆ ಒದಗಿಸುವುದು ಆ ಕಚೇರಿಯ ಕೆಲಸ. ಗುಡ್ಡದ ಮೇಲಿನ ಬೀದಿಗಳವರಿಗೆ ಕೆಳಗಿಳಿದು ಚೀಲ ಹೊತ್ತು ಹತ್ತುವುದು ಕಷ್ಟವೆಂದು, ಹಳೆಯ ಬಸ್ಸೊಂದರ ಸೀಟು ಕಿತ್ತು ವಾರವಾರ ಮೇಲಕ್ಕೆ ಕಳಿಸುತ್ತಿದ್ದರು. "ಒಂದು ಚೀಲ ಹಿಟ್ಟು ತಲುಪಿಸಲು ಇನ್ನೊಂದು ಚೀಲದ ಬೆಲೆಯ ಡೀಸೆಲ್ ಸುಡುತ್ತಿದ್ದಾರೆ. ಇದು ನಮ್ಮ ತೆರಿಗೆಯ ದುಡ್ಡು," ಎಂದು ವರ್ತಕರ ಸಂಘದ ಅಧ್ಯಕ್ಷರು ಗುಡುಗಿದ್ದರು. ಬಸ್ಸು ಓಡಬೇಕೋ ನಿಲ್ಲಬೇಕೋ ಎಂಬುದನ್ನು ಸಾರ್ವಜನಿಕ ಸಭೆಯಲ್ಲಿ ಹೇಳುವ ಹೊಣೆ ಕತ್ತರಿ ಸಾಹೇಬರ ತಲೆಗೆ ಬಂತು. ಆ ಬಸ್ಸಿನ ಕತೆ ಮುಗಿಯಿತೆಂದು ಎಲ್ಲರೂ ಕೈ ತೊಳೆದುಕೊಂಡರು.

ಕತ್ತರಿಸುವ ಮೊದಲು ಒಮ್ಮೆ ಕಣ್ಣಾರೆ ನೋಡುವುದು ಸಾಹೇಬರ ಪದ್ಧತಿ. ಹಿಟ್ಟಿನ ಚೀಲಗಳ ನಡುವೆ ಒಂದು ಸ್ಟೂಲು ಹಾಕಿಸಿಕೊಂಡು ಬಸ್ಸಿನಲ್ಲಿ ಕೂತರು. ಓಡಿಸುವವಳು ಗಟ್ಟಿಮುಟ್ಟಾದ ಹೆಂಗಸು. ಗೇರು ಹಾಕುವಾಗ ಬಸ್ಸಿನ ಜೊತೆ ಜಗಳವಾಡುವಂತೆ ಮಾತಾಡುತ್ತಿದ್ದಳು. "ಸಾರ್, ಗಟ್ಟಿಯಾಗಿ ಹಿಡ್ಕೊಳ್ಳಿ. ಇದಕ್ಕೆ ಬ್ರೇಕು ಚೆನ್ನಾಗಿದೆ, ಕುಣಿತವೂ ಚೆನ್ನಾಗಿದೆ!"

ಮೊದಲ ತಿರುವಿನಲ್ಲಿ ಬಸ್ಸು ನಿಂತಿತು. ಅವಳು ಹಾರನ್ ಒತ್ತಿದಳು. 'ಕೀಂ' ಎಂದು ಸೊಳ್ಳೆಯಂಥ ಸದ್ದು ಬಂತು. ಕೆಳಗಿಳಿದು ಚಪ್ಪಾಳೆ ತಟ್ಟಿದಳು, ಗಂಟಲು ಹರಿಯುವಂತೆ ಕೂಗಿದಳು. ಹತ್ತಿರದ ಮನೆಗಳವರು ಬಂದರು. ಒಳಬೀದಿಯವರ ಸುಳಿವೇ ಇಲ್ಲ. ಎರಡನೆಯ ತಿರುವಿನಲ್ಲೂ ಅದೇ ಪಾಡು.

"ಉಳಿದ ಚೀಲ ಏನ್ಮಾಡ್ತೀಯಮ್ಮ?" ಸಾಹೇಬರು ಹುಬ್ಬು ಗಂಟಿಕ್ಕಿ ಕೇಳಿದರು.

"ವಾಪಸ್ ತಗೊಂಡು ಹೋಗ್ತೀನಿ ಸಾರ್. ಬಸ್ ಬಂದಿದ್ದೇ ಅರ್ಧ ಜನಕ್ಕೆ ಗೊತ್ತಾಗಲ್ಲ."

"ಸರಿಯಾದ ಹಾರನ್ ಹಾಕಿಸೋಕೇನು ಕಷ್ಟ?"

ಅವಳು ತಿರುಗಿ ನೋಡಿದಳು. ನಗು ತುಟಿಯಂಚಿಗೆ ಬಂದು ನಿಂತಿತ್ತು. "ದೊಡ್ಡದೊಂದು ಇತ್ತು ಸಾರ್. ಮೂರು ಬೀದಿಗೆ ಕೇಳ್ಸೋದು. ಕೆಟ್ಟೋಯ್ತು. ರಿಪೇರಿಗೆ ಬರೆದು ಕಳಿಸಿದ್ವಿ, 'ಅನಗತ್ಯ ಖರ್ಚು' ಅಂತ ವಾಪಸ್ ಬಂತು. ಕೆಳಗಡೆ ಸಹಿ… ತಮ್ಮದೇ."

ಸಾಹೇಬರು ನಾಲಿಗೆ ಕಚ್ಚಿಕೊಂಡರು. ತಲೆಯ ಮೇಲೆ ಯಾರೋ ಗಹಗಹಿಸಿ ನಕ್ಕದ್ದು ಕೇಳಿತು. ಮಹಡಿಯ ಕಿಟಕಿಯಲ್ಲಿ ಬನಿಯನ್ ತೊಟ್ಟ ಮುದುಕನೊಬ್ಬ ಕೂತಿದ್ದ. ಮದುವೆಯ ಬ್ಯಾಂಡಿನಲ್ಲಿ ಜೀವಮಾನವಿಡೀ ತುತ್ತೂರಿ ಊದಿ, ಮಂಡಿನೋವು ಬಂದ ಮೇಲೆ ಮನೆ ಸೇರಿದ್ದ ತುತ್ತೂರಿ ತಾತ.

"ಸದ್ದು ಬೇಕೇನ್ರಪ್ಪಾ? ಮೊದಲೇ ಕೇಳಬಾರದಾ!" ಎಂದವನೇ ಒಳಗಿನಿಂದ ತುತ್ತೂರಿ ತಂದು ಕೆನ್ನೆ ಉಬ್ಬಿಸಿದ.

ಬೀದಿಯ ಮೇಲೆ ಆಕಾಶವೇ ಬಾಯಿ ಬಿಟ್ಟಂತಾಯಿತು. ನಾಯಿಗಳು ಎದ್ದವು, ಬಾಗಿಲುಗಳು ತೆರೆದವು. ಒಳಬೀದಿಯಿಂದ ಹೆಂಗಸರು, ಗಂಡಸರು, ಸ್ನಾನ ಅರ್ಧಕ್ಕೆ ಬಿಟ್ಟವನೊಬ್ಬ, ಎಲ್ಲರೂ ಯಾರ ಮದುವೆಯೆಂದು ನೋಡಲು ಓಡಿಬಂದರು. ಬಂದವರು ಬಸ್ಸು ಕಂಡು ಸಾಲುಗಟ್ಟಿದರು. ಚಾಲಕಿಗೆ ಎರಡೇ ಕೈ. ವಿಧಿಯಿಲ್ಲದೆ ಸಾಹೇಬರೂ ಕೋಟಿನ ತೋಳು ಮಡಚಿ ಚೀಲ ಎತ್ತಿಕೊಡಲು ನಿಂತರು. ಅವಳಿಜವಳಿ ಮಕ್ಕಳ ತಾಯಿಯೊಬ್ಬಳು ಚೀಲದ ಬಾಯಿ ಕಟ್ಟಬೇಕೆಂದು, "ಸ್ವಲ್ಪ ಹಿಡ್ಕೊಳ್ಳಿ ಅಣ್ಣಾ," ಎಂದು ಒಂದು ಕೂಸನ್ನು ಅವರ ತೋಳಿಗೆ ದಾಟಿಸಿದಳು. ಕೂಸು ಅವರ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡಿತು. ಅವರನ್ನು ಯಾರಾದರೂ 'ಅಣ್ಣಾ' ಎಂದು ಕರೆದು ಎಷ್ಟು ಕಾಲವಾಗಿತ್ತೋ. ಕನ್ನಡಕವಿಲ್ಲದ ಕಣ್ಣಿಗೆ ಬೀದಿಯೆಲ್ಲ ಮಸುಕು ಮಸುಕಾದ ಬಣ್ಣದ ರಾಶಿಯಾಗಿ ಕಂಡಿತು. ಕೂಸು ಕೇಕೆ ಹಾಕಿದಾಗ ಅವರಿಗೂ ನಗು ಬಂದುಬಿಟ್ಟಿತು.

ಆ ತಿರುವಿನಲ್ಲಿ ಒಂದು ಚೀಲವೂ ಉಳಿಯಲಿಲ್ಲ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಮನೆಗೆ ಬಂದ ಗಂಡನನ್ನು ಕಂಡು ಹೆಂಡತಿ ಮೂಗಿನ ಮೇಲೆ ಬೆರಳಿಟ್ಟಳು.

ಮರುದಿನವೇ ಸಾಹೇಬರು ಮಹಡಿ ಹತ್ತಿ, ಯಾವ ಹಾರನ್ನಿಗೂ ಜನ ಹೀಗೆ ಓಡಿಬರುವುದಿಲ್ಲವೆಂದು ಹೇಳಿ, ವಾರವಾರ ಬಸ್ಸಿನಲ್ಲಿ ಬಂದು ಊದಬೇಕೆಂದು ತಾತನನ್ನು ಕೇಳಿಕೊಂಡರು.

"ಬರ್ತೀನಿ. ಕಿಟಕಿ ಪಕ್ಕ ಮೆತ್ತನೆ ಸೀಟು ಬೇಕು. ಆಮೇಲೆ, ಪುಕ್ಕಟೆ ಊದಲ್ಲ," ಎಂದ ತಾತ. "ನನ್ನ ಸ್ವಂತ ಮದುವೇಲೂ ಮಾವನ ಹತ್ರ ಕೂಲಿ ತಗೊಂಡೇ ಊದಿದ್ದು."

ಆಹಾರ ಕಚೇರಿಯ ಮುಖ್ಯಸ್ಥರು ಪೇಚಿಗೆ ಸಿಕ್ಕರು. ತುತ್ತೂರಿಗೆ ಕೂಲಿ ಕೊಡಲು ಸರ್ಕಾರದ ಲೆಕ್ಕದಲ್ಲಿ ಯಾವ ಖರ್ಚಿನ ಬಾಬ್ತೂ ಇರಲಿಲ್ಲ. "ಹಾರನ್ ಬದಲಿಗೆ ತಾನೇ? 'ವಾಹನದ ಬಿಡಿಭಾಗ' ಅಂತ ಹಾಕಿಬಿಡೋಣ," ಎಂದರು.

"ನಾನು ಬಿಡಿಭಾಗ ಅಲ್ಲ ಸ್ವಾಮಿ! ನನಗೆ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಇದ್ದಾರೆ," ಎಂದು ತಾತ ಸಿಡುಕಿದ. ಸುಳ್ಳು ಬಾಬ್ತನ್ನು ಸಾಹೇಬರೂ ಒಪ್ಪಲಿಲ್ಲ. ಅವರೇ ಕೂತು ಮೇಲಿನವರಿಗೆ ಬರೆದು, 'ಸದ್ದಿನ ಖರ್ಚು' ಎಂಬ ಹೊಸ ಬಾಬ್ತನ್ನೇ ತೆರೆಸಿದರು. ಇಲಾಖೆಯಲ್ಲಿ ಆ ಕಾಗದ ಮೇಜಿನಿಂದ ಮೇಜಿಗೆ ಹೋಗಿ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಷ್ಟು ನಗಿಸಿತು. ಬಸ್ಸಂತೂ ಅಲ್ಲಿಂದಾಚೆಗೆ ಖಾಲಿಯಾಗಿಯೇ ಗುಡ್ಡ ಇಳಿಯತೊಡಗಿತು.

ಸಭೆಯ ದಿನ ಪುರಸಭೆಯ ಅಂಗಳ ಕಿಕ್ಕಿರಿದಿತ್ತು. ವರ್ತಕರ ಸಂಘದ ಅಧ್ಯಕ್ಷರು ಎಣ್ಣೆ ವ್ಯಾಪಾರಿ, ನೇರ ಮಾತಿನ ಮನುಷ್ಯ. "ಸಾಹೇಬ್ರೆ, ನೀವು ದುಡ್ಡಿನ ಬೆಲೆ ಬಲ್ಲವರು. ಆ ಬಸ್ಸು ದಂಡ ಹೌದೋ ಅಲ್ಲವೋ?" ಎಂದು ಕೇಳಿದರು.

ಸಾಹೇಬರು ಎದ್ದು ನಿಂತರು. "ದಂಡ ಆಗಿದ್ದು ಹೌದು. ಚೀಲ ಇಳಿದ್ರೂ ಡೀಸೆಲ್ ಅಷ್ಟೇ, ಇಳೀದಿದ್ರೂ ಅಷ್ಟೇ. ಒಂದು ಹಾರನ್ ಖರ್ಚು ಉಳಿಸ್ತೀನಿ ಅಂತ ಹೋಗಿ, ಪ್ರತಿ ವಾರ ಅರ್ಧ ಬಸ್ಸು ಸರಕು ಮೇಲಕ್ಕೆ ಹೋಗಿ ಹಂಗೇ ವಾಪಸ್ ಬರೋ ಹಾಗೆ ಮಾಡಿದೆ. ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ."

ಹಿಂದಿನ ಸಾಲಿನಲ್ಲಿ ಚಾಲಕಿಯ ನಗು ಸಿಡಿಯಿತು. ಅಂಗಳಕ್ಕೆ ಅಂಗಳವೇ ಅವಳ ಜೊತೆ ನಕ್ಕಿತು.

ಅಧ್ಯಕ್ಷರೂ ನಕ್ಕರು, ಆದರೆ ಹಿಡಿದ ಪಟ್ಟು ಬಿಡಲಿಲ್ಲ. "ಈಗಲೂ ಖರ್ಚು ಆಗ್ತಾನೇ ಇದೆಯಲ್ಲ?"

"ಆಗತ್ತೆ. ಗುಡ್ಡ ಹತ್ತೋಕೆ ಖರ್ಚಾಗತ್ತೆ, ಇಲ್ಲ ಅಂತ ಸುಳ್ಳು ಬರೆಯಲ್ಲ. ಅಲ್ಲಿ ಹಿಟ್ಟಿಗೆ ಕಾಯೋರಿದ್ದಾರೆ, ನಾನೇ ಕೈಯಾರೆ ಕೊಟ್ಟು ಬಂದಿದ್ದೀನಿ. ಗುಡ್ಡದ ಆಚೆ ಮಗ್ಗುಲಲ್ಲೂ ಬೀದಿಗಳಿವೆ, ಅಲ್ಲಿಗೆ ಬಸ್ಸೇ ಹೋಗಲ್ಲ. ಅಲ್ಲಿಗೂ ಒಂದು ಸುತ್ತು ಹಾಕಿಸಿ ಅಂತ ನನ್ನ ಶಿಫಾರಸು."

ಕತ್ತರಿ ಸಾಹೇಬರು ಖರ್ಚು ಹೆಚ್ಚಿಸಿ ಎಂದರೆಂಬ ಸುದ್ದಿ ಕೇಳಿ ಸಹೋದ್ಯೋಗಿಯೊಬ್ಬರು ಅವರ ಹಣೆ ಮುಟ್ಟಿ ಜ್ವರ ನೋಡಿದರು. ಅಧ್ಯಕ್ಷರು ತಾವೂ ಒಂದು ವಾರ ಬಸ್ಸು ಹತ್ತಿ ಹೋಗಿಬಂದರು. ಒಪ್ಪಿದೆ ಎನ್ನಲಿಲ್ಲ, ಮತ್ತೆ ತಕರಾರನ್ನೂ ಎತ್ತಲಿಲ್ಲ. ಎರಡನೆಯ ಸುತ್ತಿಗೆ ಮಂಜೂರಾತಿ ಸಿಕ್ಕಿತು.

ಆಚೆ ಮಗ್ಗುಲಿಗೆ ಬಸ್ಸು ಹೊರಟ ಮೊದಲ ದಿನ ಸಾಹೇಬರು ರಜೆ ಹಾಕಿದರು. ಹೆಂಡತಿಯೂ ಅಂಗಡಿಗೆ ಬಾಗಿಲೆಳೆದು ಜೊತೆಗೆ ಬಂದಳು. ತಾತ ಇಸ್ತ್ರಿ ಮಾಡಿದ ಬ್ಯಾಂಡಿನ ಅಂಗಿ ತೊಟ್ಟು ಕಿಟಕಿ ಪಕ್ಕ ರಾಜನಂತೆ ಕೂತಿದ್ದ. ಬಸ್ಸು ನಿಂತಾಗ ಜನ ಬಾಗಿಲ ಸಂದಿಯಿಂದ ಅನುಮಾನದಲ್ಲೇ ಇಣುಕಿದರು. ತಾತ ಮದುವೆಯ ಮೆರವಣಿಗೆಯ ಧಾಟಿ ಎತ್ತಿಕೊಂಡ. ಮೊದಲು ಮಕ್ಕಳು ಬಂದರು, ಅವರ ಬೆನ್ನಿಗೆ ಅಜ್ಜಿಯರು, ಆಮೇಲೆ ಇಡೀ ಬೀದಿ. ಹೆಂಡತಿ ತಾಳಕ್ಕೆ ತಲೆಯಾಡಿಸುತ್ತ ಒಂದೊಂದೇ ಚೀಲವನ್ನು ಮುಂದೆ ದಾಟಿಸುತ್ತಿದ್ದಳು.

"ಇಂಜಿನ್ ಆರಿಸಮ್ಮಾ, ಡೀಸೆಲ್ ಹೋಗ್ತಿದೆ!" ಎಂದು ಸಾಹೇಬರು ಚೀಲಗಳ ನಡುವಿನಿಂದ ಕೂಗಿದರು.

ಚಾಲಕಿ ನಗುತ್ತ ಕೀಲಿ ತಿರುಗಿಸಿದಳು. ಗಡಗಡ ನಿಂತ ಮೇಲೆ ತುತ್ತೂರಿ ಇನ್ನೂ ಚೆನ್ನಾಗಿ ಕೇಳಿತು.