ಅಕ್ಕನ ತೋಳಿನ ಕಪ್ಪು

ಭಾವ ಲಾರಿ ಓಡಿಸುತ್ತಿದ್ದ. ಹೋದ ಊರಲ್ಲೆಲ್ಲ ಹಚ್ಚೆ ಹಾಕಿಸಿಕೊಂಡು ಬರುವ ಹುಚ್ಚು ಅವನಿಗೆ. ಕುತ್ತಿಗೆಯ ಮೇಲೆ ಹುಲಿ, ಎದೆಯ ಮೇಲೆ ತ್ರಿಶೂಲ. ಮದುವೆಯಾದಾಗಿನಿಂದ ತನ್ನ ಹೆಸರನ್ನು ಅಕ್ಕನ ತೋಳಿಗೆ ಬರೆಸಬೇಕೆಂದು ಹಟ ಹಿಡಿದಿದ್ದ.

"ನಿಮ್ ಹೆಸರು ಬಾಯಾಗೇ ಹೇಳಲ್ಲ. ಮೈಮ್ಯಾಲ್ಯಾಕೆ?" ಎಂದು ಅಕ್ಕ ನಗುತ್ತಾ ತಪ್ಪಿಸಿಕೊಳ್ಳುತ್ತಿದ್ದಳು.

ಇವಳ ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆಂದು ಆ ನಗೆಯಲ್ಲೇ ಅವನಿಗೆ ಅನುಮಾನ ಹುಟ್ಟಿತು. ಒಂದು ಮಧ್ಯಾಹ್ನ ಜವನಗೊಂಡನಹಳ್ಳಿಯ ಮನೆಯ ಬಾಗಿಲು ಹಾಕಿ, ಅವಳ ಎಡಗೈಯನ್ನು ಟವಲಿನಿಂದ ಮಂಚದ ಕಾಲಿಗೆ ಬಿಗಿದ. ಎದೆಯ ಮೇಲೆ ಮಂಡಿಯೂರಿ, ಸೂಜಿಯನ್ನು ಶಾಯಿಗೆ ಅದ್ದಿ ಅದ್ದಿ ಚುಚ್ಚತೊಡಗಿದ. ಮೊದಲ ಅಕ್ಷರ ಮುಗಿಯಿತು. ಎರಡನೆಯದು ಅರ್ಧವಾದಾಗ ಅಕ್ಕನ ಬಲಗೈಗೆ ಖಾರ ಅರೆಯುವ ಗುಂಡುಕಲ್ಲು ಸಿಕ್ಕಿತು. ದವಡೆಗೇ ಬೀಸಿದಳು. ಅವನು ಬಾಯಿ ಹಿಡಿದು ಉರುಳಿದಾಗ ಕೈ ಬಿಡಿಸಿಕೊಂಡು, ಅದೇ ಟವಲನ್ನು ತೋಳಿಗೆ ಸುತ್ತಿ ಬಸ್ಸು ಹತ್ತಿದಳು.

ಹರಿಯಬ್ಬೆಯ ನಮ್ಮ ಮನೆಯಲ್ಲಿ ಟವಲು ಬಿಚ್ಚಿದವಳು ನಾನು. ನೆತ್ತರು, ಶಾಯಿ ಸೇರಿ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತ್ತು. ಅಜ್ಜಿ ತನ್ನ ಮುಂಗೈಯ ಹಳೆಯ ಹಚ್ಚೆಗಳನ್ನು, ಚೇಳು, ತೊಟ್ಟಿಲು, ಸಾಲು ಚುಕ್ಕಿಗಳನ್ನು, ಸವರಿಕೊಳ್ಳುತ್ತಾ ನೋಡಿದಳು.

"ನನ್ನನ್ನೂ ಹಿಂಗೇ ಅದುಮಿ ಹಿಡ್ದಿದ್ರು ಕಣೆ. ಹಾಡು ಹೇಳ್ಕಂತ ಚುಚ್ಚಿದ್ರು. ನಾನು ಅತ್ತಿದ್ದು ಹಾಡಿನಾಗೆ ಯಾರ್ಗೂ ಕೇಳ್ಳಿಲ್ಲ."

ಮರುದಿನ ಭಾವ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದ. ಅಜ್ಜಿ ಕುಡುಗೋಲು ಹಿಡಿದು ಹೊಸ್ತಿಲಲ್ಲಿ ನಿಂತಳು.

"ಒಳಗೆ ಕಾಲಿಟ್ರೆ ಕಾಲು ಇರಾಕಿಲ್ಲ ನೋಡ್ಲೇ!"

ಅವನು ಅಜ್ಜಿಯ ಮಣಿಕಟ್ಟು ಹಿಡಿದು ಬೀಸಿ ಎಸೆದ. ಬಾಗಿಲ ಚೌಕಟ್ಟಿಗೆ ತಲೆ ಬಡಿದು ನೆತ್ತರು ಕಿತ್ತುಕೊಂಡು ಬಂತು. ನಾನು ಕಿರುಚಿದೆ. ಕೇರಿಯವರು ಅವನನ್ನು ಕರೆಂಟ್ ಕಂಬಕ್ಕೆ ಕಟ್ಟಿ ಬಡಿದರು. ಪೊಲೀಸರು ಬಂದಾಗ ಕುತ್ತಿಗೆಯ ಹುಲಿ ಬಾತು ಗುರುತೇ ಸಿಗುತ್ತಿರಲಿಲ್ಲ.

ಅವನು ಜೈಲಿಗೆ ಹೋದ. ಅಜ್ಜಿ ಬದುಕಿಕೊಂಡಳು, ಒಂದು ಕಿವಿ ಕಿವುಡಾಯಿತು. ಗಾಯ ಮಾಗಿದ ಮೇಲೆ ಅಕ್ಕ ನನ್ನನ್ನು ಚಿತ್ರದುರ್ಗದ ಹಚ್ಚೆ ಅಂಗಡಿಗೆ ಕರೆದೊಯ್ದಳು. ಅಂಗಡಿಯವನು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾ ಹೇಳಿದ:

"ಒಂದೊಂದು ದೇಶದಾಗೆ ಒಂದೊಂದು ತರ ಕಣಕ್ಕ. ನ್ಯೂಜಿಲೆಂಡಿನಾಗೆ ದೊಡ್ಡ ಮನೆತನದೋರು ಮುಖದ ತುಂಬ ಹಾಕಿಸ್ಕಂತಿದ್ರು, ಅದು ಮರ್ಯಾದಿ. ಜಪಾನಿನಾಗೆ ಕಳ್ಳರಿಗೆ ಹಾಕ್ತಿದ್ರು, ರೋಮಿನಾಗೆ ಗುಲಾಮರಿಗೆ, ಓಡಿಹೋದ್ರೆ ಗುರ್ತು ಸಿಗ್ಲಿ ಅಂತ."

"ಹಂಗಾರೆ ನಂದು ರೋಮಿಂದು," ಎಂದು ಅಕ್ಕ ತೋಳಿನ ಅರ್ಧ ಹೆಸರನ್ನು ತೋರಿಸಿದಳು.

ಅವನು ಮೊಬೈಲು ಕೆಳಗಿಟ್ಟ. "ನವಿಲು ಬರೆದು ಮುಚ್ಚಲಾ?"

"ನವಿಲು ಬ್ಯಾಡ, ಹೂವೂ ಬ್ಯಾಡ. ಪೂರ್ತಿ ಕಪ್ಪು ಮಾಡ್ರಿ."

"ಬಾಳ ನೋಯ್ತೈತಕ್ಕ."

"ನೋಯ್ಲಿ. ಕೈಯಂತೂ ಕಟ್ಟಿಲ್ಲವಲ್ಲ."

ಯಂತ್ರ ಗುಂಯ್‌ಗುಟ್ಟತೊಡಗಿತು. ಅಕ್ಕ ಅಳಲಿಲ್ಲ. ಬಾಯಿಗೆ ಬಂದ ಬೈಗುಳವನ್ನೆಲ್ಲ ಜೋರಾಗಿ ಬೈದಳು, ಭಾವನ ಹೆಸರು ಹಿಡಿದೇ ಬೈದಳು. ಕಾಯುತ್ತಾ ಕುಳಿತಿದ್ದ ಹುಡುಗಿಯರು ತಲೆ ಎತ್ತಿ ನೋಡಿದರು. ಅಂಗಡಿಯವನು ಮಾತ್ರ ಕೈ ನಿಲ್ಲಿಸಲಿಲ್ಲ.

ಹಿರಿಯೂರಿನ ಬಸ್ಸಿನಲ್ಲಿ ಅಕ್ಕ ನನ್ನ ಹೆಗಲಿಗೆ ಒರಗಿ ಬಾಯಿ ತೆರೆದು ನಿದ್ದೆ ಹೋದಳು. ಹರಿಯಬ್ಬೆಗೆ ಬಂದ ದಿನದಿಂದ ಅವಳು ಅಷ್ಟು ಗಾಢವಾಗಿ ಮಲಗಿದ್ದನ್ನು ನಾನು ನೋಡಿರಲಿಲ್ಲ. ಕಂಡಕ್ಟರ್ ಟಿಕೆಟ್ ಕೇಳಲು ಬಂದಾಗ ಮೆಲ್ಲಗೆ ಮಾತಾಡಿರೆಂದು ಸನ್ನೆ ಮಾಡಿದೆ.