ಎಡಗಾಲಿನ ಹಟ

ತೊಂಬತ್ತರ ದಶಕದ ನಡುವಿನಲ್ಲಿ ಅಮೆರಿಕದ ಜರ್ಮನ್‌ಟೌನಿನ ಕನ್ನಡಿಗರ ಮನೆಗಳ ಮುಂದೆ ಒಂದೇ ಬಣ್ಣದ, ಒಂದೇ ಸ್ವಭಾವದ ಜಪಾನೀ ಕಾರುಗಳು ನಿಂತಿರುತ್ತಿದ್ದವು. ಅವುಗಳ ನಡುವೆ ರಾಜಲಕ್ಷ್ಮಿಯ ಕೆಂಪು ಮಸ್ಟಾಂಗ್ ಕಾರು, ಅರವತ್ತೆಂಟನೇ ಇಸವಿಯದ್ದು, ಸತ್ಯನಾರಾಯಣ ಪೂಜೆಗೆ ಬಂದ ಪೈಲ್ವಾನನಂತೆ ಕಾಣುತ್ತಿತ್ತು.

ಮೈಸೂರಿನ ಕಾನ್ವೆಂಟಿನ ಸಿಸ್ಟರ್‌ಗಳು ಅವಳಿಗೆ ಮಂಡಿ ಜೋಡಿಸಿ ಕೂರುವುದನ್ನು ಕಲಿಸಿದ್ದರು. ಪಾಪ, ಮೂರು ಪೆಡಲಿನ ಕಷ್ಟ ಅವರಿಗೇನು ಗೊತ್ತು! ಹಗಲು ಲ್ಯಾಬಿನಲ್ಲಿ ಇಲಿಗಳ ರಕ್ತ ಪರೀಕ್ಷೆ, ಸಂಜೆ ಕಮ್ಯುನಿಟಿ ಕಾಲೇಜಿನಲ್ಲಿ ಕಾರು ರಿಪೇರಿಯ ಪಾಠ. ಹೀಗೆ ಕೈಗೆ ಗ್ರೀಸ್ ಹತ್ತಿಸಿಕೊಂಡಿದ್ದ ರಾಜಲಕ್ಷ್ಮಿಯ ಎಡಮಂಡಿ ಐವತ್ತು ದಾಟಿದ ಮೇಲೆ ಮುಷ್ಕರ ಹೂಡಿತು. ಆ ಹಳೆಯ ಕ್ಲಚ್ ಒತ್ತುವುದೆಂದರೆ ಕಾಲಿನಲ್ಲಿ ರುಬ್ಬುಗುಂಡು ತಳ್ಳಿದ ಹಾಗೆ.

"ಮಂಡಿ ಬದಲಾಯಿಸೋದಕ್ಕಿಂತ ಕಾರು ಬದಲಾಯಿಸೋದು ಸುಲಭ ಕಣೆ," ಎಂದ ಗಂಡ ಕೇಶವಮೂರ್ತಿ.

"ಕ್ಲಚ್ ಬದಲಾಯಿಸೋದು ಇನ್ನೂ ಸುಲಭ ರೀ."

ನಾಲ್ಕೈದು ಗಂಟೆ ದಾರಿಯ ಡರ್ಹಮ್‌ನಿಂದ ಬಂದಿದ್ದ ಸ್ನೇಹಿತ ಗೋಪಿನಾಥನಿಗೆ ಆ ಕಾರಿನ ಮೇಲೆ ಬಹಳ ದಿನದಿಂದ ಕಣ್ಣು. "ಅಕ್ಕಾ, ಈ ವಯಸ್ಸಲ್ಲಿ ಕಾರಿನ ಕೆಳಗೆ ಮಲಗ್ತೀರಾ? ನನಗೆ ಸೇಲ್ ಮಾಡಿ, ಆರಾಮಾಗಿ ಆಟೊಮ್ಯಾಟಿಕ್ ಓಡ್ಸಿ."

"ದೀಪಾವಳಿಗೆ ನಿಮ್ಮನೆಗೆ ಇದನ್ನೇ ಡ್ರೈವ್ ಮಾಡ್ಕೊಂಡು ಬರ್ತೀನಿ. ಬರ್ಲಿಲ್ಲಾಂದ್ರೆ ಕೀ ನಿಂದು ಕಣೋ," ಎಂದುಬಿಟ್ಟಳು.

ಒತ್ತಲು ಹಗುರವಾದ ಹೊಸ ಕ್ಲಚ್ ಬಂತು, ಜೊತೆಗೆ ಉಕ್ಕಿನ ಹೊಸ ಫ್ಲೈವೀಲ್. ಎಂಜಿನ್ನಿಗೆ ಬಿಗಿಯುವ ಆ ಚಕ್ರದ ನುಣುಪು ಮೈಯನ್ನು ಕ್ಲಚ್ಚಿನ ಬಿಲ್ಲೆ ಕಚ್ಚಿ ಹಿಡಿದರೆ ಮಾತ್ರ ಕಾರು ಓಡುವುದು. ನಡುವೆ ಬೆರಳಿನ ಜಿಡ್ಡೂ ಕೂಡದು. ರಾಜಲಕ್ಷ್ಮಿ ಅದನ್ನು ಲ್ಯಾಬಿನ ಮಡಿಯಲ್ಲಿ ಒರೆಸಿ, ಬಿಳಿ ಬಟ್ಟೆಯ ಮೇಲಿಟ್ಟು ಊಟಕ್ಕೆ ಹೋದಳು. ಬಂದು ಬಿಗಿದಳು.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ಪೆಡಲು ಬೆಣ್ಣೆ! ಮೆಲ್ಲಗೆ ಕಾಲು ಬಿಟ್ಟಳು. ಎಂಜಿನ್ ಗುಡುಗಿತು, ಕಾರು ಮಾತ್ರ ಮನೆ ಮುಂದಿನ ಡ್ರೈವ್‌ವೇಯ ಏರು ಹತ್ತಲಿಲ್ಲ. ಗ್ಯಾರೇಜಿನ ತುಂಬ ಗಣಹೋಮದ ವಾಸನೆ.

"ರೀ! ಇಲ್ಲಿ ತುಪ್ಪ ಯಾಕೆ ಸುಡ್ತಿದೆ?"

ಕೇಶವಮೂರ್ತಿ ಪಂಚೆ ಸರಿಮಾಡಿಕೊಂಡ. "ಇವತ್ತು ಆಯುಧಪೂಜೆ ಅಲ್ವೇನೇ? ತುಪ್ಪದಲ್ಲಿ ಕುಂಕುಮ ಕಲಸಿ ಆ ಚಕ್ರಕ್ಕೊಂದು ಸ್ವಸ್ತಿಕ್ ಬರೆದೆ. ಬೈತೀಯಾಂತ ಭಯವಾಗಿ ಪಂಚೆ ಚುಂಗಲ್ಲಿ ಒರೆಸಿಬಿಟ್ಟೆ."

"ಕುಂಕುಮ ಹೋಗಿದೆ, ತುಪ್ಪ ಉಳಿದಿದೆ. ಈ ಕಾರು ಬೇಡ ಅಂದವರಿಗೆ ಪೂಜೆ ಯಾಕೆ?"

"ಕಾರಿಗಲ್ಲ ಕಣೆ. ಹೈವೇನಲ್ಲಿ ನಿನಗೇನೂ ಆಗದಿರಲಿ ಅಂತ."

ಬೈಯಲು ಹೊರಟವಳು ಬೈಗುಳ ಬಿಟ್ಟು ಸ್ಪ್ಯಾನರ್ ಎತ್ತಿಕೊಂಡಳು. ಹಟ ಬಿಡಲಿಲ್ಲ. ಸುದ್ದಿ ಡರ್ಹಮ್ ತಲುಪಿ, ಗೋಪಿನಾಥ ಫೋನ್ ಮಾಡಿದ: "ಅಕ್ಕಾ, ಕೀ ತೊಳೆದಿಟ್ಟಿದ್ದೀರಾ?"

"ಮೊದಲು ಚಕ್ಕುಲಿ ಮಾಡಿಸಿಡು," ಎಂದು ಫೋನಿಟ್ಟಳು.

ಮತ್ತೆ ಕಾರಿನ ಕೆಳಗೆ. ಗೇರ್‌ಬಾಕ್ಸ್ ಇಳಿಯಿತು, ತುಪ್ಪ ಕುಡಿದ ಬಿಲ್ಲೆ ಕಸಕ್ಕೆ ಹೋಯಿತು, ಹೊಸದು ಬಂತು. ಚಕ್ರವನ್ನು ಉಜ್ಜಿ ತೊಳೆದಳು. ಮಂಡಿ ಅರಚಿದಾಗಲೆಲ್ಲ ಅವಳೂ ಅದಕ್ಕೆ ಅರಚಿದಳು. ಈ ಸಲ ಲ್ಯಾಬಿನ ಗ್ಲೌಸ್ ತೊಟ್ಟು ಟಾರ್ಚ್ ಹಿಡಿದವನು ಕೇಶವಮೂರ್ತಿ. "ಪೂಜೆ ಬಾನೆಟ್ಟಿನ ಮೇಲೆ ಮಾಡಿ. ಒಳಗಿನ ಗರ್ಭಗುಡಿಗೆ ನಾನೊಬ್ಬಳೇ ಅರ್ಚಕಿ," ಎಂದು ಅಪ್ಪಣೆಯಾಗಿತ್ತು.

ದೀಪಾವಳಿಯ ಮಧ್ಯಾಹ್ನ ಡರ್ಹಮ್‌ನ ಆ ಬೀದಿಗೆ ಕಾರಿಗಿಂತ ಮೊದಲು ಅದರ ಸದ್ದು ಬಂತು. ಗೋಪಿನಾಥ ಡ್ರೈವ್‌ವೇನಲ್ಲಿ ಅಂಗೈ ಚಾಚಿ ನಿಂತಿದ್ದ, ಡ್ರೈವರ್ ಸೀಟಿನಲ್ಲಿ ಕೇಶವಮೂರ್ತಿ ಇರುತ್ತಾನೆಂದು ನಂಬಿ. ಆ ಸೀಟಿನ ಬಾಗಿಲು ತೆರೆಯಿತು. ಮೊದಲು ಇಳಿದದ್ದು ರಾಜಲಕ್ಷ್ಮಿಯ ಎಡಗಾಲು.

"ಮಂಡಿ ನೋವು ಹೋಯ್ತಾ ಅಕ್ಕಾ?"

"ಎಲ್ಲೋ ಹೋಗತ್ತೆ? ಅದನ್ನೂ ಕೂರಿಸ್ಕೊಂಡೇ ಬಂದೆ," ಎಂದು ಚಾಚಿದ ಅಂಗೈಗೆ ಕೋಡುಬಳೆ ಡಬ್ಬಿ ಇಟ್ಟಳು.